ಹೆಸರಿಲ್ಲದ ಚೀಲ

ಸೋಮವಾರ, ಒಂಬತ್ತನೇ ತಾರೀಕು

ಪ್ರೀತಿಯ ಮಾತಿನಮಲ್ಲಿಗೆ,

ಹೇಗಿದ್ದೀಯ? ತೊಡೆಯ ನೋವು ಹೇಗಿದೆ? ಹದಿನೈದು ದಿನದಿಂದ ಅಕ್ಕನ ಸುದ್ದಿಯಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಕಾಗದ ನಾಲ್ಕು ಸಲ ಬರೆದು ಹರಿದೆ. ಈಗಲೂ ಎರಡು ಸಾಲು ಬರೆದು, ನಲ್ಲಿ ನಿಲ್ಲಿಸಿದ್ದೇನೋ ಇಲ್ಲವೋ ಎಂದು ನೋಡುವ ನೆಪದಲ್ಲಿ ಎದ್ದು ಓಡಾಡಿ ಬಂದೆ.

ನಿನ್ನ ಗಂಡ ಫೋನ್ ಮಾಡಿದ್ದರು. “ಅಕ್ಕಾ, ಮೊದಲ ಚೀಲ ಹಾಳಾಯ್ತಲ್ಲ, ಇವಳು ಮತ್ತೆ ರಕ್ತ ಕೊಡಲ್ಲ ಅಂತ ಕೂತಿದಾಳೆ. ನನ್ನ ರಕ್ತದಲ್ಲೇ ದಮ್ಮಿಲ್ಲ, ಸುಮ್ನೆ ಯಾಕೆ ಒದ್ದಾಟ ಅಂತಾಳೆ. ನೀವೇ ಹೇಳಿ,” ಅಂದರು.

ಹೇಳುತ್ತೇನೆ, ಕೇಳು. ರಕ್ತದಿಂದ ರೋಗದ ವಿರುದ್ಧ ಹೋರಾಡುವ ಕಣಗಳನ್ನು ಬೇರೆಮಾಡಿ, ಗೆಡ್ಡೆಯ ಗುರುತು ಹಿಡಿಯಲು ಕಲಿಸಿ, ಚೀಲದಲ್ಲಿ ಬೆಚ್ಚಗಿಟ್ಟು ಕೋಟಿಗಟ್ಟಲೆ ಬೆಳೆಸಿ ಅವರವರಿಗೇ ವಾಪಸ್ ಕೊಡುವುದು ನಮ್ಮ ಲ್ಯಾಬಿನ ಕೆಲಸ. ನಮ್ಮ ಮೇಡಂ ಬೆಣ್ಣೆ ಹಚ್ಚಿ ಮಾತಾಡುವವರಲ್ಲ. “ಸಾರ್ಕೋಮಾ ಅನ್ನೋ ಈ ಕ್ಯಾನ್ಸರ್ ಗಟ್ಟಿ ಗೆಡ್ಡೆ, ಕೋಟೆ ಕಟ್ಕೊಂಡು ಕೂತಿರುತ್ತೆ. ಕಣಗಳು ಒಳಗೆ ನುಗ್ಗಬಹುದು, ನುಗ್ಗದೇನೂ ಇರಬಹುದು,” ಅಂತಾರೆ. ಹಾಗಂದವರೇ ನಿನಗೆ ಇನ್ನೊಂದು ಚೀಲ ಬೆಳೆಸಲು ಜಾಗ ಕಾದಿರಿಸಿದ್ದಾರೆ. ಇಪ್ಪತ್ತನೇ ತಾರೀಕಿನೊಳಗೆ ನೀನು ಹೂಂ ಅನ್ನಬೇಕು. ಆಮೇಲೆ ಗೆಡ್ಡೆ ಕಾಯುವುದಿಲ್ಲ.

ಕೈಮುಗಿಯುತ್ತೇನೆ, ಹೋಗಿ ರಕ್ತ ಕೊಡು. ನನಗೆ ಭಯವಾಗುತ್ತಿದೆ. ನೂರು ವರ್ಷ ಬದುಕಿ ನನ್ನ ತಲೆ ತಿನ್ನುತ್ತಿರು.

ನಿನ್ನ ಅಕ್ಕ

ತಾ.ಕ.: ಇದು ಮರೆತು ಉಳಿದ ಮಾತಲ್ಲ. ಚೀಲದ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಆಸ್ಪತ್ರೆಯಲ್ಲಿ ನಿನಗೆ ಕಟ್ಟಿದ ಕೈಪಟ್ಟಿಯ ನಂಬರ್ ನನಗೆ ಬಾಯಿಪಾಠವಾಗಿತ್ತು. ‘ಇದು ನನ್ನ ತಂಗಿಯದು, ಬೇರೆ ಯಾರಾದರೂ ನೋಡಿಕೊಳ್ಳಲಿ’ ಅನ್ನಬೇಕಿತ್ತು, ಅನ್ನಲಿಲ್ಲ. ಎರಡು ದಿನಕ್ಕೊಮ್ಮೆ ಹನಿ ತೆಗೆದು ಕಣ ಎಣಿಸಬೇಕಾದದ್ದನ್ನು, ತಡೆಯಲಾರದೆ ದಿನಕ್ಕೆ ಮೂರು ಸಲ ತೆಗೆದೆ, ಬಿತ್ತಿದ ಬೀಜ ಕೆದಕಿ ನೋಡುವವರ ಹಾಗೆ. ಹಾಗೆ ತೆಗೆಯುವಾಗಲೇ ಸೋಂಕು ಒಳಹೊಕ್ಕಿತು. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ. “ಒಂದೊಂದ್ಸಲ ಹೀಗಾಗುತ್ತೆ ಬಿಡು,” ಅಂತ ಎಲ್ಲರೂ ನನಗೇ ಸಮಾಧಾನ ಹೇಳಿದರು. ಇವತ್ತು ಬೆಳಿಗ್ಗೆ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. ಈ ಸಲ ನಾನು ಚೀಲ ಬೆಳೆಸುವ ಆ ಕೋಣೆಗೆ ಕಾಲಿಡುವುದಿಲ್ಲ.

ಕೆಡುವ ಮುಂಚೆ, ಆರೇ ದಿನದಲ್ಲಿ, ನಿನ್ನ ಕಣಗಳು ಮೂವತ್ತು ಪಟ್ಟು ಬೆಳೆದಿದ್ದವು ಕಣೇ. ಅಷ್ಟು ದಮ್ಮು ನಾನು ಬೇರೆ ಯಾವ ಚೀಲದಲ್ಲೂ ನೋಡಿಲ್ಲ.