ಹೆಸರು ಕೂಗೋದಕ್ಕೆ ಬಿಟ್ಟ ಹೊಲ

ಬೀದರ್, ೧೨-೩-೧೯೪೪

ಕುಂದಾಣದ ಅಣ್ಣಯ್ಯನಿಗೆ ಮುನಿರಾಮನ ನಮಸ್ಕಾರ. ಇದನ್ನ ಅಮ್ಮನಿಗೆ ಪೂರ್ತಿ ಓದಿ ಹೇಳಬೇಡ.

ಬಾವಿ ಕೆಲಸ ಅಂತ ಕರ್ಕೊಂಡು ಬಂದ ಮೇಸ್ತ್ರಿ, ನೆಲದೊಳಗಿನ ನೀರಿನ ಸುರಂಗಕ್ಕೆ ಇಳಿಸಿ ಹೂಳು ತೆಗೆಸ್ತಾ ಅವ್ನೆ. ಐನೂರು ವರ್ಷದ ಹಿಂದೆ ಸುಲ್ತಾನರ ವಜೀರನೊಬ್ಬ ಊರಿಗೆಲ್ಲ ಧರ್ಮಕ್ಕೆ ನೀರು ಸಿಗಲಿ ಅಂತ ಕೊರೆಸಿದ್ದಂತೆ. ಜೊತೆಗೆ ಒಂದು ಹೊಲಾನೂ ಇನಾಮು ಬಿಟ್ಟಿದ್ನಂತೆ. ಯಾತಕ್ಕೆ ಅಂದ್ರೆ, ಒಳಗಿನ ಕೆಟ್ಟ ಗಾಳಿಗೆ ಮಂಪರು ಹತ್ತುತ್ತೆ ಅಂತ ಇಳಿದವರ ಹೆಸರನ್ನ ಒಬ್ಬ ಮೇಲಿಂದ ಕೂಗ್ತಾ ಇರಬೇಕು, ಇಳಿದವರು ಓ ಅನ್ನಬೇಕು. ಆ ಹೊಲ ಉಣ್ಣೋ ಮನೆತನದ ಮೌಲಾಸಾಬರು ಈಗಲೂ ಸುರಂಗದ ಬಾಯಲ್ಲಿ ಕೂತು ಕೂಗ್ತಾರೆ. ಅದಕ್ಕೆ ಅಂತ ಹೊಲಾನೇ ಬಿಡಬೇಕಾದ್ರೆ ಆವಾಗ ಎಷ್ಟು ಜನ ಓ ಅನ್ನದೆ ಹೋಗಿದ್ರೋ.

ನಿನ್ನೆ ನಮ್ಮೂರ ಸಂಜೀವಪ್ಪನ್ನ ನಾಲ್ಕು ಸಲ ಕೂಗಿದ್ರು. ಅವನು ಓ ಅನ್ನಲಿಲ್ಲ. ಹಗ್ಗ ಹಾಕಿ ಮೇಲಕ್ಕೆ ಎಳ್ಕೊಂಡ್ವಿ. ಉಸಿರೈತೆ, ಇನ್ನೂ ಮಾತಿಲ್ಲ.

ನನಗೆ ಬಂದಾಗಿಂದ ಇದ್ದ ಜ್ವರ ಬಿಟ್ಟಿದೆ, ಊಟ ಸೇರ್ತಾ ಇದೆ. ನಾಳೆ ಇಳಿಯೋದು ನನ್ನ ಸರದಿ.

ಸಾಬರು ಹೆಸರು ಕೇಳಿದ್ರು. ಮುನಿರಾಮ ಅನ್ನಲಿಲ್ಲ, ಅಮ್ಮ ಕರೆಯೋ ಹಾಗೆ ಚಿನ್ನಯ್ಯಾ ಅಂತ ಕೂಗೋಕೆ ಹೇಳಿದೀನಿ. ಅದಕ್ಕಾದ್ರೆ ಎಂಥ ನಿದ್ದೆಯಲ್ಲೂ ಓ ಅಂತೀನಲ್ಲ.