ಮೇಲೆ ನೋಡದೆ ಕೊಟ್ಟ ಅಡ್ವಾನ್ಸ್

ಫೆಬ್ರವರಿ 3, ಬೆಳಿಗ್ಗೆ 7
ಕುತ್ತಿಗೆಗೆ ಎಣ್ಣೆ, ಬಿಸಿನೀರು. ಏನೂ ಉಪಯೋಗ ಇಲ್ಲ. ನಲವತ್ತು ವರ್ಷ ಕಂಡೋರ ಸೀಲಿಂಗಿಗೆ ಗಾರೆ ಹಾಕಿದ್ದಕ್ಕೆ ಬಹುಮಾನ — ತಲೆ ಮೇಲಕ್ಕೆ ಏಳಲ್ಲ. ಹತ್ತಕ್ಕೆ ಬ್ರೋಕರ್ ಬರ್ತಾನೆ. ಹಳೇ ಮನೆ ಕೊಂಡು, ರಿಪೇರಿ ಮಾಡಿ, ಮಾರೋದು. ಮೊದಲನೇ ವ್ಯಾಪಾರ. ದುಡ್ಡು ತಂಗಿಯದು, ಗಂಡ ಸತ್ತಾಗ ಬಂದದ್ದು. ಕಣ್ಣು ನನ್ನದು.

ಸಂಜೆ
ಗೋಡೆಗೆಲ್ಲ ಕರಣೆ ಹಿಡಿಯಿಂದ ಬಡಿದೆ. ಗಟ್ಟಿ. ಗೆದ್ದಲಿಲ್ಲ. ನೆಲ ಆಗತಾನೇ ಗುಡಿಸಿದ್ದರು, ಚೊಕ್ಕ.
"ಯಜಮಾನ್ರೇ, ನಾಳೆ ಇನ್ನೊಬ್ರು ಬರ್ತಾರೆ. ಎಂಜಿನಿಯರ್‌ನ ಕರ್ಕೊಂಡು."
"ಎಂಜಿನಿಯರ್ ಹುಟ್ಟೋ ಮುಂಚೆ ಕರಣೆ ಹಿಡಿದೋನಯ್ಯ ನಾನು!"
ಅಡ್ವಾನ್ಸ್ ಕೊಟ್ಟುಬಿಟ್ಟೆ. ಅವಳ ಅರ್ಧ ದುಡ್ಡು.

ಫೆಬ್ರವರಿ 6
ತಂಗಿಗೆ ಮನೆ ತೋರಿಸಿದೆ. ಸುಸ್ತು ಅಂತ ಹಿಂದಿನ ರೂಮಲ್ಲಿ ಚೀಲ ತಲೆಗಿಟ್ಟು ಮಲಗಿದಳು.
"ಅಣ್ಣಾ, ಮೇಲೆ ಅದೇನು?"
"ಜೇಡರ ಬಲೆ. ಏಳು."
"ಕಂಬಿ ಕಾಣ್ತಿದೆ. ನೀನು ನೋಡಿರಲಿಲ್ವಾ?"
ಅವಳ ಪಕ್ಕ ನಾನೂ ನೆಲಕ್ಕೆ ಬೆನ್ನು ಕೊಟ್ಟೆ. ಆಗ ಕಂಡಿತು. ಗಾರೆ ಉದುರಿ, ಕಂಬಿ ತುಕ್ಕು ಹಿಡಿದು ಊದಿಕೊಂಡಿದೆ... ಗೋಡೆಯಿಂದ ಗೋಡೆವರೆಗೂ. ನೆಲ ಯಾಕೆ ಗುಡಿಸಿದ್ದರು ಅಂತ ಈಗ ಗೊತ್ತಾಯ್ತು. ತಾರಸಿ ಒಡೆದು ಹೊಸದು ಹಾಕಿದರೆ ಲಾಭ ಹಾಳಾಗಲಿ, ಅಸಲೂ ಹುಟ್ಟಲ್ಲ.
ತಲೆ ಏಳಲ್ಲ ಅಂತ ಬ್ರೋಕರ್ ಮುಂದೆ ಹೇಳೋಕೆ ನಾಚಿಕೆ. ಒಂದು ಕೈಗನ್ನಡಿ ಸಾಕಿತ್ತು. ಕತ್ತೆ ನಾನು.

ಫೆಬ್ರವರಿ 8
ಅಡ್ವಾನ್ಸ್ ವಾಪಸ್ ಕೇಳಿದೆ. ಬ್ರೋಕರ್ ನಕ್ಕ. "ಜಾಲರಿ ಬಡಿದು, ಗಾರೆ ಮೆತ್ತಿ, ಬಣ್ಣ ಹೊಡೀರಿ. ನಿಮಗೆ ಹೇಳಿಕೊಡಬೇಕಾ?"
ಬೇಡ. ಚೆನ್ನಾಗಿ ಗೊತ್ತು. ಎರಡು ವರ್ಷ ಯಾರಿಗೂ ಕಾಣಲ್ಲ.
ತಂಗಿ ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 19
ಉಳಿದರ್ಧವೂ ಹೋಯ್ತು. ರಿಜಿಸ್ಟರ್ ಆಯ್ತು. ಗಾರೆ ನಾನೇ ಹಾಕಿದೆ, ಸಾರವೆ ಹಲಗೆ ಮೇಲೆ ಅಂಗಾತ ಮಲಗಿ. ಕೂದಲೆಳೆ ಬಿರುಕಿಲ್ಲ.
ಇವತ್ತು ಗಂಡ ಹೆಂಡತಿ ನೋಡೋಕೆ ಬಂದರು. ಕೈಗೂಸು. ಹಿಂದಿನ ರೂಮು ನೋಡಿ "ತೊಟ್ಟಿಲು ಇಲ್ಲೇ" ಅಂದಳು ಆಕೆ.
"ಅಜ್ಜಾ, ಮನೆ ಗಟ್ಟಿ ಇದೆಯಾ?" ಗಂಡ ಕೇಳಿದ.
ತಂಗಿ ನನ್ನ ಮುಖಾನೇ ನೋಡ್ತಿದ್ದಳು. "ಗೋಡೆ ಗಟ್ಟಿ" ಅಂದೆ. ಸುಳ್ಳಲ್ಲ. ಅವನೂ ಗೋಡೆ ಬಡಿದು ತಲೆಯಾಡಿಸಿದ. ಕುತ್ತಿಗೆ ನೆಟ್ಟಗಿದ್ದೋನು, ಮೇಲೆ ನೋಡಲೇ ಇಲ್ಲ. ಮಗು ಮಾತ್ರ ಅಮ್ಮನ ತೋಳಲ್ಲಿ ಅಂಗಾತ ಮಲಗಿ ಮೇಲೇ ನೋಡ್ತಿತ್ತು.

ಏಪ್ರಿಲ್ 20, ಬೆಳಿಗ್ಗೆ 9.30
ಆ ಮನೆಯಲ್ಲೇ ಕೂತಿದ್ದೀನಿ. ಹತ್ತಕ್ಕೆ ಅವರು ಅಡ್ವಾನ್ಸ್ ತರ್ತಾರೆ. ಹಿಂದಿನ ರೂಮಿನ ನೆಲದಲ್ಲಿ ಒಂದು ಹಿಡಿ ಗಾರೆ ಪುಡಿ. ಹೊಸದು. ಮೇಲೆ ನೋಡಬೇಕಾದರೆ ಮಲಗಬೇಕು. ಮಲಗಲಿಲ್ಲ.
"ಗುಡಿಸಲಾ ಅಣ್ಣಾ?"
ಪೊರಕೆ ಸದ್ದು ಕೇಳ್ತಿದೆ. ಬೇಡ ಅನ್ನಬೇಕು. ಈಗಲೇ ಎದ್ದು ಹೋಗಿ... ಗೇಟು ಸದ್ದಾಯ್ತು. ಇಷ್ಟು ಬೇಗ —