ಹುಲ್ಲುಗಾಡಿಯ ಕಂತು

ಪೋರ್ಟ್ಸ್‌ಮತ್, ವರ್ಜೀನಿಯ
೧೧ ಜೂನ್ ೨೦೧೭, ಭಾನುವಾರ

ಮುದ್ದಿನ ಟ್ಯಾಬಿ,

ಈ ಊರಿನ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿಯೊಂದನ್ನು ನಿನ್ನ ಮೂಲಕ ಇಡೀ ನೌಕಾಪಡೆಗೆ ತಿಳಿಸುತ್ತಿದ್ದೇನೆ: ಇಂದು ಬೆಳಿಗ್ಗೆ ನಿನ್ನ ಅಪ್ಪ ಅಂಗಳದ ಹುಲ್ಲನ್ನು ನಡೆದುಕೊಂಡೇ ಕತ್ತರಿಸಿದ. ಕಾರಣ ಆಮೇಲೆ. ನೀನು ಹೇಗಿದ್ದೀಯ? ಹಡಗಿನ ಓಲಾಟಕ್ಕೆ ಹೊಟ್ಟೆ ಒಗ್ಗಿತೇ? ನನ್ನ ಮಂಡಿ ಎಂದಿನಂತೆ ಮಳೆ ಬರುವುದನ್ನು ಎರಡು ದಿನ ಮೊದಲೇ ಸಾರುತ್ತಿದೆ.

ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ಆ ಹುಲ್ಲುಗಾಡಿಯನ್ನು ನಾನು ಸಾಲದಲ್ಲಿ ಕೊಂಡಾಗ ಜಾಮೀನು ಸಹಿ ಹಾಕಿದವಳು ನೀನು. ಎರಡನೇ ಬೇಸಿಗೆಗೆ ಅದು ಕೆಟ್ಟು ನಿಂತಿತು. ರಿಪೇರಿಗೆ ಅಂಗಡಿಯವನು ದುಡ್ಡು ಕೇಳಿದ. ನಾನು ಮಹಾ ತತ್ವನಿಷ್ಠನಂತೆ ಕಂತು ನಿಲ್ಲಿಸಿದೆ, ಗಾಡಿ ರಿಪೇರಿಯಾಗುವತನಕ ಹುಲ್ಲನ್ನೂ ಮುಟ್ಟೆನೆಂದು ಹಟ ಹಿಡಿದೆ. ತತ್ವ ನನ್ನದು, ಕೆಡುವ ಹೆಸರು ನಿನ್ನದು ಎಂಬುದು ಹೊಳೆಯಲೇ ಇಲ್ಲ. ಬಾಕಿ ಉಳಿಸಿಕೊಂಡವರನ್ನು ಶತ್ರುಗಳು ಸುಲಭವಾಗಿ ಕೊಂಡುಕೊಳ್ಳುತ್ತಾರೆಂದು ಸರ್ಕಾರಕ್ಕೆ ಭಯ, ಹಾಗಾಗಿ ಗುಟ್ಟಿನ ಕೆಲಸದ ಭದ್ರತಾ ಅನುಮತಿಯನ್ನೇ ಕಿತ್ತುಕೊಳ್ಳುತ್ತಾರೆ ಎಂದು ಹಡಗುಕಟ್ಟೆಯ ಗೆಳೆಯರು ಹೇಳಿದ ದಿನದಿಂದ ನನಗೆ ಅನ್ನಾಹಾರ ಸೇರಲಿಲ್ಲ. ಹಡಗಿನಲ್ಲಿ ನೀನು ಗುಪ್ತ ಸಂದೇಶ ನೋಡಿಕೊಳ್ಳುವ ಸಂಕೇತ ಕೋಣೆಯಿಂದ ನಿನ್ನನ್ನು ಹೊರಗಟ್ಟಿದರೆ? ಅದೂ ಒಂದು ಹುಲ್ಲುಗಾಡಿಗಾಗಿ!

ಅಷ್ಟರಲ್ಲಿ ಏಪ್ರಿಲ್‌ನಲ್ಲಿ ನಿನ್ನ ಅನುಮತಿಯ ನವೀಕರಣಕ್ಕೆಂದು ತನಿಖೆಯವನು ಎದುರುಮನೆ ಬ್ಯೂಲಾಳ ಜಗಲಿಗೇ ಬಂದು ಕೂತ. ನಾನು ಪೀಚ್ ಕಡುಬಿನ ತಟ್ಟೆ ಹಿಡಿದು ಓಡಿದೆ. "ಆ ಹುಡುಗಿ ಕೈ ಮೀರಿ ಖರ್ಚು ಮಾಡ್ತಾಳಾ?" ಎಂದು ಅವನು ಕೇಳುತ್ತಿದ್ದ. "ಅವಳಾ? ಒಂದು ಜೊತೆ ಬೂಟನ್ನ ಆರು ವರ್ಷ ಹಾಕ್ತಾಳೆ! ಹುಲ್ಲುಗಾಡಿ ಮೇಲೆ ಮಹಾರಾಜನ ಥರ ಮೆರೀತಿದ್ದನಲ್ಲ ಅವಳಪ್ಪ, ಅವನನ್ನ ಕೇಳಿ. ಇಗೋ, ತಟ್ಟೆ ಹಿಡ್ಕೊಂಡು ಬಂದ!" ಎಂದಳು ಬ್ಯೂಲಾ. ಅಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ: "ಸಾಮಿ, ಬಾಕಿ ಉಳಿಸಿದ್ದು ನಾನು, ಹಿಡಿಯೋದಾದ್ರೆ ನನ್ನನ್ನ ಹಿಡೀರಿ." ಅವನು ಬರೆದುಕೊಂಡ. ಕಡುಬು ಮುಟ್ಟಲಿಲ್ಲ, ತನಿಖೆಗೆ ಹೋದಲ್ಲಿ ಏನನ್ನೂ ತಿನ್ನಬಾರದಂತೆ. "ದೇಶಕ್ಕೋಸ್ಕರ" ಎನ್ನುತ್ತ ಬ್ಯೂಲಾಳೇ ಎರಡು ತುಂಡು ತಿಂದಳು.

ಮರುದಿನ ಬಾಕಿಯೆಲ್ಲ ತೀರಿಸುತ್ತೇನೆಂದು ಸಾಲದ ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹೆಂಗಸು, "ಹದಿನಾಲ್ಕು ತಿಂಗಳಿಂದ ನಿಮ್ಮ ಮಗಳು ಕಟ್ತಾ ಇದಾರಲ್ಲ, ನಿಮಗೆ ಗೊತ್ತಿಲ್ವಾ?" ಎಂದಳು. ನಾನು ಫೋನಿಟ್ಟು ಆ ಹಾಳು ಗಾಡಿಯ ಮೇಲೆಯೇ ಹೋಗಿ ಕೂತೆ. ಎಷ್ಟು ಹೊತ್ತು ಎಂದು ಕೇಳಬೇಡ.

ಮೊನ್ನೆ ನಿನ್ನ ಪತ್ರ ಬಂತು. "ಅನುಮತಿ ಸಿಕ್ತು ಅಪ್ಪ. ಬಾಕಿ ವಿಷಯ ನಾನೇ ಮೊದಲೇ ಅರ್ಜಿಯಲ್ಲಿ ಬರೆದುಕೊಟ್ಟಿದ್ದೆ. ಬಚ್ಚಿಟ್ಟಿದ್ರೆ ಹೋಗ್ತಿತ್ತು." ಇಷ್ಟೇ ಮೂರು ಸಾಲು, ನನ್ನ ಮೇಲೊಂದು ಬೈಗುಳವೂ ಇಲ್ಲ! ಎರಡು ತಿಂಗಳ ನಂತರ ಅಂದು ಹೊಟ್ಟೆತುಂಬ ಉಂಡು ಕುರ್ಚಿಯಲ್ಲೇ ಗೊರಕೆ ಹೊಡೆದೆ. ಬ್ಯೂಲಾ ಬಂದು ಉಸಿರಿದೆಯೇ ಎಂದು ನೋಡಿ ಹೋದಳಂತೆ.

ಸಮುದ್ರ ನಿನ್ನೊಡನೆ ಸೌಮ್ಯವಾಗಿರಲಿ, ಕಂದ. ಬ್ಯೂಲಾ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ ಅಪ್ಪ,
ಲೂಥರ್ ಪ್ರೂಯಿಟ್

ಮರೆತಿದ್ದೆ: ಗಾಡಿಯನ್ನು ನಿನ್ನೆ ಬ್ಯೂಲಾಳ ಭಾವನಿಗೆ ಮಾರಿ, ಸಿಕ್ಕ ಹಣವನ್ನು ಸಾಲಕ್ಕೆ ಹಾಕಿದೆ. ಇನ್ನು ಉಳಿದಿರುವುದು ಏಳು ಕಂತು. ಅವು ನನ್ನ ಪಿಂಚಣಿಯಿಂದ ಹೋಗಲಿ. ಈಗ ಕಟ್ಟುತ್ತಿರುವವಳು ನೀನಾದ್ದರಿಂದ ಅದಕ್ಕೆ ನಿನ್ನ ಒಪ್ಪಿಗೆ ಬೇಕಂತೆ. ಅರ್ಜಿ ಇದರ ಜೊತೆಗಿದೆ. ವಾದ ಮಾಡದೆ, ಪೆನ್ಸಿಲ್ ಗುರುತು ಹಾಕಿದಲ್ಲಿ ಸಹಿ ಮಾಡಿ ಮರುಟಪ್ಪಾಲಿಗೆ ಕಳಿಸು.